ಮೇಲಿನಿಂದ ಕಂಡ ಗಾಯರಾಣ

ನಾನು ಯಾದಗಿರಿಯಲ್ಲಿ ನೌಕರಿಗೆ ಸೇರಿದ ಹೊಸದರಲ್ಲಿ ನಮ್ಮ ಅತ್ತಿ ನನ್ನ ಆಫೀಸು ನೋಡಲು ಬಂದಿದ್ದಳು. ಅತ್ತಿ ಅಂದರೆ ಅಪ್ಪನ ಅಕ್ಕ. ಊರಿಂದ ಗೋಗಿಯವರೆಗೆ ನಡೆದು, ಅಲ್ಲಿಂದ ಮಂದಿ ತುಂಬಿದ ಆಟೋದಲ್ಲಿ ಶಹಾಪುರಕ್ಕೆ ಬಂದು, ಆಮೇಲೆ ಬಸ್ಸು ಹಿಡಿದು ಬಂದವಳ ಕೈಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟಿತ್ತು. ನನ್ನನ್ನು ಕಲಬುರಗಿಗೆ ಓದಲು ಕಳಿಸಬೇಕೆಂದು ಅಪ್ಪನ ಹತ್ತಿರ ಜಗಳ ತೆಗೆದವಳು ಅವಳೇ. ಹಾಗಾಗಿ ಆ ಹುಡುಗಿ ಪ್ಯಾಟಿಯಲ್ಲಿ ಏನು ಮಾಡುತ್ತಾಳೆ ಎಂದು ಊರಲ್ಲಿ ಯಾರೇ ಕೇಳಿದರೂ ಉತ್ತರ ಕೊಡುವ ಜವಾಬ್ದಾರಿ ಅವಳ ಮೇಲೆಯೇ ಬಿದ್ದಿತ್ತು. ಕಣ್ಣಾರೆ ನೋಡಿಕೊಂಡು ಹೋಗೋಣ ಅಂತ ಬಂದಿದ್ದಳು.

ನಾನು ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಉಪಗ್ರಹದಿಂದ ತೆಗೆದ ನಮ್ಮ ಸೀಮೆಯ ಚಿತ್ರ ತೆರೆದು ತೋರಿಸಿದೆ. "ಅತ್ತಿ, ಇದು ನಮ್ಮೂರು" ಅಂದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯವ್ವಾ, ಊರಿಗಿ ಬೆಂಕಿ ಹತ್ತೇದೇನು?"

ಚಿತ್ರದಲ್ಲಿ ನಮ್ಮೂರಿನ ಸುತ್ತ ಎಲ್ಲವೂ ಕೆಂಪು. ನಾನು ನಕ್ಕು, ಈ ಚಿತ್ರದಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ, ಬೆಳೆ ಎಷ್ಟು ದಟ್ಟವೋ ಅಷ್ಟು ಕೆಂಪು ಅಂತ ಹೇಳಿದೆ. ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಎಲೆಗಳು ಆಕಾಶಕ್ಕೆ ಚೆಲ್ಲುತ್ತವೆ, ಆ ಬೆಳಕಿಗೆ ಕೆಂಪು ಬಣ್ಣ ಕೊಟ್ಟಿರುತ್ತಾರೆ ಎಂದೆಲ್ಲ ಬಿಡಿಸಿ ಹೇಳಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ.

"ಹಸರು ಹಸರೇ ಕಂಡಿದ್ರ ಏನ್ ಆಗ್ತಿತ್ತು ಅವರಿಗೆ?" ಅಂದಳು. ಆಮೇಲೆ ಪರದೆಯ ಹತ್ತಿರಕ್ಕೆ ಬಗ್ಗಿ, "ನಮ್ಮ ಕುರಿ ಎಲ್ಲಿ ಅದಾವ?" ಅಂದಳು.

"ಕುರಿ ಕಾಣಲ್ಲ ಅತ್ತಿ. ಇದರಾಗ ಒಂದ್ ಚುಕ್ಕಿ ಅಂದ್ರ ನಿಮ್ಮ ಹಟ್ಟಿ ಪೂರಾ ಬರ್ತದ."

"ಮಂದಿ?"

"ಮಂದೀನೂ ಕಾಣಲ್ಲ."

"ಹಂಗಾದ್ರ ಮತ್ತೇನ್ ಕಾಣ್ತದ?"

"ಭೂಮಿ ಕಾಣ್ತದ."

ಕೆಂಪಿನ ನಡುವೆ ಒಂದು ಕಡೆ ಮಾತ್ರ ಮಾಸಿದ ಬೂದು ಬಣ್ಣದ ತುಂಡಿತ್ತು. ಅದರ ಮೇಲೆ ಬೆರಳಿಟ್ಟು ಇದು ಯಾವುದು ಅಂತ ಕೇಳಿದಳು. ನಮ್ಮ ಗಾಯರಾಣ ಅಂದೆ. ಊರ ದನ ಕುರಿ ಮೇಯಲೆಂದು ಹಿಂದಿನಿಂದ ಬಿಟ್ಟುಕೊಂಡು ಬಂದ ಸರ್ಕಾರಿ ಜಮೀನಿಗೆ ನಮ್ಮ ಕಡೆ ಹಾಗೆ ಅನ್ನುತ್ತಾರೆ. ಅತ್ತಿ ಆ ತುಂಡಿನ ಅಂಚಿನ ಸುತ್ತ ಬೆರಳು ಆಡಿಸಿದಳು. "ಹೌದು, ಇಷ್ಟೇ ಉಳದದ" ಅಂದಳು.

ಕೆನಾಲ್ ನಮ್ಮೂರಿಗೆ ಬಂದಾಗ ನಾನಿನ್ನೂ ಕನ್ನಡ ಶಾಲೆಯಲ್ಲಿದ್ದೆ. ಮೊದಲ ಸಲ ನೀರು ಬಿಟ್ಟಾಗ ಊರೆಲ್ಲ ತೆಂಗಿನಕಾಯಿ ಹಿಡಿದುಕೊಂಡು ದಂಡೆಗೆ ಹೋಗಿತ್ತು. ಜೋಳ, ತೊಗರಿ ಬಿಟ್ಟರೆ ಬೇರೆ ಕಾಣದ ಕರಿಮಣ್ಣಿನ ಎರಿ ಹೊಲಗಳಲ್ಲಿ ಹತ್ತಿ ಬಂತು, ಮೆಣಸಿನಕಾಯಿ ಬಂತು, ಕಡೆಗೆ ನೆಲ್ಲು ಬಂತು. ಬ್ಯಾಸಗಿಯಲ್ಲಿ ಗುಳೆ ಹೋಗುತ್ತಿದ್ದ ಮನೆಗಳ ಬಾಗಿಲು ತೆರೆದೇ ಉಳಿದವು. ಶಾಲೆಯಲ್ಲಿ ಗುಮಾಸ್ತನಾಗಿದ್ದ ಅಪ್ಪನ ತುಂಡು ಹೊಲಕ್ಕೂ ನೀರು ಹತ್ತಿತು. ನಾನು ಹಾಸ್ಟೆಲ್ಲಿನಲ್ಲಿದ್ದು ಭೂಗೋಳ ಓದಿದ್ದು ಆ ನೀರಿನಿಂದಲೇ. ಕೆನಾಲನ್ನು ಬೈಯಲು ನನಗೆ ಬಾಯಿಲ್ಲ.

ಅತ್ತಿಯ ಮನೆಯದು ಮಾತ್ರ ಕುರಿಯ ಬದುಕು. ಅವಳ ಗಂಡ, ನಾವು ಮಾಮಾ ಅನ್ನುತ್ತಿದ್ದವನು, ಸಣಕಲು ಆಳು. ಮನುಷ್ಯರ ಹತ್ತಿರ ಮಾತು ಕಡಿಮೆ, ಕುರಿಗಳ ಹತ್ತಿರ ದಿನವಿಡೀ ಮಾತು. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಅವನು ಹೊರಡಿಸುವ ಒಂದು ಸದ್ದಿಗೆ ಇಡೀ ಹಿಂಡು ತಿರುಗಿ ನೋಡುತ್ತಿತ್ತು. ಕೆನಾಲ್ ಬರುವ ಮೊದಲು ಸುಗ್ಗಿ ಮುಗಿದ ಮೇಲೆ ಹೊಲಗಳೆಲ್ಲ ಕುರಿಗೆ ಬಯಲು. ನಮ್ಮ ಹೊಲದಾಗ ಕುರಿ ನಿಲ್ಲಿಸ್ರಿ, ಗೊಬ್ಬರ ಆಗ್ತದ ಅಂತ ಹೊಲದವರೇ ಜೋಳ ಕೊಟ್ಟು ಕರೆಯುತ್ತಿದ್ದರು. ನೀರು ಬಂದ ಮೇಲೆ ಹೊಲ ಖಾಲಿ ಬೀಳುವುದೇ ನಿಂತಿತು. ಒಂದು ಬೆಳೆ ತೆಗೆಯುವಷ್ಟರಲ್ಲಿ ಇನ್ನೊಂದು. ಕಡೆಗೆ ಉಳಿದದ್ದು ಆ ಗಾಯರಾಣ ಒಂದೇ.

ನಾನು ಸೇರಿದ್ದು ಹಂಗಾಮಿ ನೌಕರಿ. ಊರೂರಿನ ಮೇವಿನ ಜಮೀನುಗಳನ್ನು ಉಪಗ್ರಹದ ಚಿತ್ರದಲ್ಲಿ ಗುರುತಿಸಿ, ಎಲ್ಲಿ ಹುಲ್ಲು ಸವೆದಿದೆ, ಎಲ್ಲಿ ಉಳಿದಿದೆ ಎಂದು ನೋಡಿ, ಯಾವ ಭಾಗವನ್ನು ಎಷ್ಟು ಕಾಲ ಮೇಯಿಸದೆ ಬಿಡಬೇಕು ಎಂದು ಊರವರಿಗೆ ಹೇಳುವ ಯೋಜನೆ ಅದು. ಬೇರೆ ದೇಶಗಳಲ್ಲಿ ಸಾವಿರಾರು ಎಕರೆಯ ದನದ ಫಾರ್ಮುಗಳನ್ನು ಹೀಗೇ ಆಕಾಶದಿಂದ ನೋಡಿ ನಡೆಸುತ್ತಾರಂತೆ. ನಮಗೆ ತರಬೇತಿಯಲ್ಲಿ ಅವುಗಳ ಚಿತ್ರ ತೋರಿಸಿದ್ದರು. ಅಲ್ಲಿ ಬೇಲಿ ನೆಟ್ಟಗಿತ್ತು, ಬೇಲಿಯೊಳಗಿನದೆಲ್ಲ ಒಬ್ಬನದೇ ಆಗಿತ್ತು. ನಮ್ಮ ಮೇಲಿನ ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. ನಮ್ಮ ಮಾತು ಮೊದಮೊದಲು ಅವರಿಗೆ ಬೈಗುಳದಂತೆ ಕೇಳುತ್ತಿತ್ತಂತೆ. ಮೊದಲ ಊರು ಯಾವುದು ಮಾಡೋಣ ಅಂದಾಗ ನಾನು ನಮ್ಮೂರ ಹೆಸರೇ ಹೇಳಿದೆ. "ಒಳ್ಳೇದಾಯ್ತಮ್ಮ, ನಿಮ್ಮ ಮಾತಾದ್ರೆ ಅಲ್ಲಿ ಕೇಳ್ತಾರೆ" ಅಂದರು.

ಊರ ಬೇವಿನ ಗಿಡದ ಕೆಳಗೆ ಸಭೆ ಸೇರಿತು. ನಾನು ದೊಡ್ಡ ಬಣ್ಣದ ಪ್ರಿಂಟನ್ನು ಕಂಬಳಿಯ ಮೇಲೆ ಹಾಸಿದೆ. ಗಾಯರಾಣವನ್ನು ಮೂರು ಪಾಲು ಮಾಡಿ, ಒಂದು ಮಳೆಗಾಲಕ್ಕೆ ಒಂದು ಪಾಲನ್ನು ಮುಚ್ಚಿ, ಹುಲ್ಲು ಬೀಜ ಉದುರಿಸಿದ ಮೇಲೆ ಬಿಡಬೇಕು ಅನ್ನುವುದು ಲೆಕ್ಕ. ಎಲ್ಲಕ್ಕಿಂತ ಬಿಳಿಚಿಕೊಂಡಿದ್ದು ಕೆನಾಲ್ ಕಡೆಯ ಪಾಲು. ಅದರ ಆಚೆಗಿನ ಹಳ್ಳಕ್ಕೆ ನೀರಿಗೆ ಹೋಗಲು ಎಲ್ಲ ಹಿಂಡುಗಳೂ ಅಲ್ಲೇ ಹಾಯುತ್ತಿದ್ದುದರಿಂದ ನೆಲ ಸವೆದು ಕಲ್ಲು ಎದ್ದಿತ್ತು. ಮೊದಲು ಅದನ್ನೇ ಮುಚ್ಚುವುದು ಎಂದಾಯಿತು.

ಒಬ್ಬ ಕುರಿಗಾರ ಎದ್ದು ನಿಂತು, "ಅಲ್ಲಿ ತನಕ ನಮ್ಮ ಕುರಿ ಮಣ್ಣ ತಿನ್ಬೇಕೇನ್ರಿ?" ಅಂದ. ಅತ್ತಿ ಕೂತಲ್ಲಿಂದಲೇ ಉತ್ತರ ಕೊಟ್ಟಳು.

"ಈಗ ಏನ್ ತಿನ್ನಾಕತ್ತಾವ ಮತ್ತ? ಮಣ್ಣೇ ಅಲ್ಲೇನು? ಒಂದ್ ಮಳಿಗಾಲ ಬಾಯಿ ಕಟ್ಟಿದ್ರ ಮುಂದ ಮೂರ್ ವರ್ಸ ತಿಂತಾವ. ಗುಡ್ಡದ ಕಡಿ ನಡಸ್ರಿ. ನಾವೂ ನಡಸ್ತೇವಿ."

ಮಾಮಾ ಆಗಲೇ ಜಾಲಿಮುಳ್ಳು ಕಡಿಯಲು ಹೊರಟಿದ್ದ. ಕುರಿಗಾರರೆಲ್ಲ ಸೇರಿ ಆ ಪಾಲಿಗೆ ಮುಳ್ಳಿನ ಬೇಲಿ ಹಾಕಿದರು.

ಮಿರಗದ, ಅಂದರೆ ಮೃಗಶಿರದ ಮಳೆ ಚೆನ್ನಾಗಿ ಬಿತ್ತು. ಮಳೆಗಾಲದಲ್ಲಿ ಉಪಗ್ರಹಕ್ಕೆ ನಮ್ಮ ಸೀಮೆ ಕಾಣುವುದು ಅಪರೂಪ. ಚಿತ್ರದ ತುಂಬ ಹತ್ತಿ ಹಿಂಜಿ ಹರಡಿದ ಹಾಗೆ ಮೋಡ. ಆದರೂ ಒಂದು ಚಿತ್ರದಲ್ಲಿ ಮೋಡ ನಮ್ಮೂರ ಮೇಲೆ ಮಾತ್ರ ಹರಿದಿತ್ತು. ಕೆನಾಲ್ ಕಡೆಯ ಪಾಲು ತಿಳಿಗೆಂಪಾಗಿತ್ತು. ಕೂಸಿನ ಗಲ್ಲದಂಥ ಬಣ್ಣ. ನಾನು ಸಾಹೇಬರನ್ನು ಕರೆದು ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಅತ್ತಿಗೆ ಫೋನ್ ಮಾಡಿ ಹೇಳಿದರೆ, "ಅದನ್ನ ನೀ ಹೇಳ್ಬೇಕೇನು? ಮಣಕಾಲ ತನಕ ಬಂದದ ಹುಲ್ಲು. ನಿಮ್ಮ ಮಾಮಾ ದಿನಾ ಬೇಲಿ ಹಂತ್ಯಾಕ ಹೋಗಿ ನಿಂತು ನೋಡಿ ಬರ್ತಾನ" ಅಂದು ನಕ್ಕಳು. ಈ ನೌಕರಿಯಲ್ಲಿ ನಾನು ಸುಖ ಅಂತ ಕಂಡದ್ದು ಆ ಕೆಲವು ವಾರ.

ಆಮೇಲೆ ಮತ್ತೆ ಮೋಡ ಮುಚ್ಚಿತು. ದಸರೆಯ ಹೊತ್ತಿಗೆ ಆಕಾಶ ತಿಳಿಯಾಗಿ ಹೊಸ ಚಿತ್ರ ಬಂದಾಗ ಆ ತಿಳಿಗೆಂಪಿನೊಳಗೆ, ಕೆನಾಲಿಗೆ ತಾಗಿದಂತೆ, ಒಂದು ಗಾಢ ಕೆಂಪಿನ ತುಂಡು ಕಂಡಿತು. ಅದಕ್ಕೆ ನಾಲ್ಕು ಮೂಲೆಗಳಿದ್ದವು. ಹುಲ್ಲು ಎಂದೂ ಮೂಲೆ ಮಾಡಿಕೊಂಡು ಬೆಳೆಯುವುದಿಲ್ಲ. ಅದರ ಪಕ್ಕದಲ್ಲಿ ದಾರದಷ್ಟು ಸಣ್ಣ ಇನ್ನೊಂದು ಪಟ್ಟಿ.

ಮರುದಿನವೇ ಊರಿಗೆ ಹೋದೆ. ಆ ಕಡೆಯ ಮುಳ್ಳಿನ ಬೇಲಿಯನ್ನು ಕಿತ್ತು ಗುಂಪೆ ಹಾಕಿದ್ದರು. ನೆಲ ಮಟ್ಟ ಮಾಡಿ, ಒಡ್ಡು ಕಟ್ಟಿ, ಕೆನಾಲಿಗೆ ಇಂಜಿನ್ ಹಚ್ಚಿ ಪೈಪಿನಲ್ಲಿ ನೀರು ತಂದಿದ್ದರು. ನೆಲ್ಲು ನಿಂತಿತ್ತು. ಊರಲ್ಲಿ ಎಲ್ಲರಿಗಿಂತ ಹೆಚ್ಚು ಹೊಲವಿದ್ದ ಸಾವಕಾರರದು. ಅವರು ನನ್ನನ್ನು ಕಂಡು ಒಡ್ಡಿನಿಂದ ಎದ್ದು ಬಂದರು.

"ಬರ್ರಿ ಬರ್ರಿ, ನಮ್ಮೂರ ಹೆಣ್ಮಗಳು ಸರ್ಕಾರಿ ಕೆಲ್ಸಕ್ಕ ಸೇರ್ಯಾಳಂದ್ರ ನಮಗೇ ಇಜ್ಜತ್. ಕೂಡ್ರಿ, ಚಾ ತರಸ್ತೇನಿ."

"ಇದು ಗಾಯರಾಣ ಅಲ್ಲೇನ್ರಿ ಕಾಕಾ?"

"ಹೌದ್ರಿ, ಯಾರು ಇಲ್ಲ ಅಂದಾರ? ಆದ್ರ ಕುರಿಗಳೇ ಬರಾದು ನಿಂತಾವ. ಖಾಲಿ ಬಿದ್ದಿತ್ತು. ಭೂಮಿ ಸುಮ್ನೆ ಬಿಡಬಾರ್ದು. ನಾಳೆ ಸರ್ಕಾರ ಬೇಕಂದ್ರ ಬಿಡೋಣ, ನಮಗೇನದ?"

ನಗುನಗುತ್ತಲೇ ಅಂದರು. ಬಂದ ಚಾ ನನ್ನ ಕೈಯಲ್ಲಿ ತಣ್ಣಗಾಯಿತು.

ಪಕ್ಕದ ಸಣ್ಣ ಪಟ್ಟಿಯಲ್ಲಿ ತೊಗರಿ ಇತ್ತು. ಅದರೊಳಗೆ ಕಸ ತೆಗೆಯುತ್ತಿದ್ದವಳನ್ನು ನಾನು ಸಣ್ಣವಳಿದ್ದಾಗಿನಿಂದ ಚಿಗವ್ವಾ ಅನ್ನುತ್ತಿದ್ದೆ. ಅತ್ತಿಯ ಜೋಡಿ ಕೂಲಿಗೆ ಹೋಗುತ್ತಿದ್ದ ಗೆಳತಿ ಅವಳು. ಅವಳ ಮನೆಯಲ್ಲಿ ಬಾಗಿಲಿಗೆ ಎದುರಾಗಿ ಬುದ್ಧನ ಫೋಟೋ, ಅದರ ಕೆಳಗೆ ಸಾಲಾಗಿ ಮಕ್ಕಳ ಶಾಲೆಯ ಚೀಲಗಳು. ಅವಳ ಮನೆತನಕ್ಕೆ ಎಂದೂ ಒಂದು ಗೇಣು ಹೊಲ ಇದ್ದದ್ದಿಲ್ಲ. ಅವಳು ನನ್ನನ್ನು ನೋಡಿ ಕುರ್ಪಿ ಕೆಳಗಿಟ್ಟಳು.

"ನೀ ಬರ್ತಿ ಅಂತ ಗೊತ್ತಿತ್ತು. ಮ್ಯಾಲಿಂದ ಎಲ್ಲಾ ಕಾಣ್ತದಂತ ನಿಮ್ಮತ್ತಿ ಹೇಳ್ಯಾಳ."

"ಚಿಗವ್ವಾ, ಇದು ಕುರಿಗಿ ಬಿಟ್ಟಿದ್ದಲ್ಲ?"

"ದೊಡ್ಡವರು ಟ್ರ್ಯಾಕ್ಟರ್ ಹೊಡದ್ರು. ನಾವ್ ಒಂದ್ ತುಂಡು ಕೈಲೇ ಕಡದೇವಿ. ಬಿಡಂದ್ರ ಬಿಡ್ತೇನಿ. ಅವರಿಗಿ ಹೇಳಿ ಆಮ್ಯಾಗ ನನಗ ಹೇಳವ್ವಾ."

ಅಂದವಳೇ ಮತ್ತೆ ಕುರ್ಪಿ ಎತ್ತಿಕೊಂಡಳು. ಅವಳ ತೊಗರಿ ಚೆನ್ನಾಗಿತ್ತು. ಅಲ್ಲಿಂದ ಅತ್ತಿಯ ಮನೆಗೆ ಹೋಗಿ ಕೂತೆ. ಮಾಮಾ ಗ್ವಾಡಿಗೆ ಒರಗಿ ಕಂಬಳಿಯ ಎಳೆ ಕೀಳುತ್ತಿದ್ದ. ಅತ್ತಿ ಒಲೆಯ ಮುಂದಿನಿಂದ, "ಸಾವಕಾರ್ನ ಮ್ಯಾಲ ಸಿಟ್ಟು ಬರ್ತದ. ಆಕಿ ಮ್ಯಾಲ ಸಿಟ್ಟು ಮಾಡ್ಕೋಬೇಕಂದ್ರೂ ಬರವಲ್ದು. ಅದಕ್ಕೇ ನಿನಗ ಫೋನ್ ಹಚ್ಲಿಲ್ಲ" ಅಂದಳು.

ನಾನು ಸಾಹೇಬರಿಗೆ ಹೇಳಿದೆ. ಅವರು ಅಂದೇ ತಹಸೀಲ್ ಆಫೀಸಿಗೆ ತಿಳಿಸಿದರು, ತಾವೇ ಎರಡು ಸಲ ಹೋಗಿಯೂ ಬಂದರು. ಅಲ್ಲಿಯವರು ನೋಡುತ್ತೇವೆ ಅಂದರಂತೆ. ಯಾರೂ ನೋಡಲಿಲ್ಲ, ನೋಡುತ್ತಿದ್ದದ್ದು ನಾನೊಬ್ಬಳೇ. ಪ್ರತಿ ಸಲ ಚಿತ್ರ ಬಂದಾಗಲೂ ಮೊದಲು ನಮ್ಮೂರನ್ನೇ ತೆರೆಯುತ್ತಿದ್ದೆ. ಆ ನಾಲ್ಕು ಮೂಲೆಯ ತುಂಡಿನ ಬಗಲಿಗೆ ಇನ್ನೊಂದು, ಅದರ ಮುಂದೆ ಮತ್ತೊಂದು. ಸಾವಕಾರರನ್ನು ನೋಡಿ ಅವರ ಬೀಗರು, ಬೀಗರನ್ನು ನೋಡಿ ಮತ್ತಾರೋ. ಇಲಿ ರೊಟ್ಟಿಯನ್ನು ಅಂಚಿನಿಂದ ಕಡಿಯುತ್ತ ಹೋದಂತೆ ಗಾಯರಾಣ ಒಳಕ್ಕೆ ಸರಿಯುತ್ತಿತ್ತು. ಆ ಚಿತ್ರವನ್ನು ದೊಡ್ಡದು ಮಾಡಬಹುದಿತ್ತು, ಸಣ್ಣದು ಮಾಡಬಹುದಿತ್ತು, ಬಣ್ಣ ಬದಲಿಸಬಹುದಿತ್ತು. ಅದರ ಒಳಗೆ ಕೈ ಹಾಕುವಂತಿರಲಿಲ್ಲ.

ಮಾಮಾ ಹಿಂಡನ್ನು ಹೊಡೆದುಕೊಂಡು ಊರು ಬಿಟ್ಟ. ಈ ಸಲ ಅತ್ತಿಯೂ ಜೊತೆಗೆ ಹೋದಳು; ಅಡುಗೆಗೆ, ಮರಿಗಳನ್ನು ನೋಡಿಕೊಳ್ಳಲಿಕ್ಕೆ. ಸುರಪುರದ ಕಡೆ ಕೆಲವು ದಿನ, ಅಲ್ಲಿಂದ ತಿರುಗಿ ವಡಗೇರಾ ಕಡೆ. ಒಂದು ಮಧ್ಯಾಹ್ನ ಅವಳ ಫೋನು ಬಂತು.

"ಕೆಂಪು ಎಲ್ಲದ ಹೇಳವ್ವಾ. ಇಲ್ಲಿ ಮೂರು ಊರು ತಿರಗೇವಿ, ಎಲ್ಲಾ ಕಡಿ ನೆಲ್ಲೇ. ಕುರಿ ಹೊಟ್ಟಿ ಬೆನ್ನಿಗಿ ಹತ್ಯಾವ."

ನಾನು ಚಿತ್ರ ತೆರೆದೆ. ಸುತ್ತ ಎಲ್ಲಿ ನೋಡಿದರೂ ಕೆಂಪು, ಕಣ್ಣಿಗೆ ಹೊಡೆಯುವಂಥ ಕೆಂಪು. ಅದರಲ್ಲಿ ಕುರಿ ಬಾಯಿ ಹಾಕಬಹುದಾದದ್ದು ಒಂದು ತುಂಡೂ ಇರಲಿಲ್ಲ. ನೀರು ಹತ್ತದ ದಿಬ್ಬವೊಂದು ಮಾತ್ರ ಮಸುಕಾಗಿ ಕಂಡಿತು. ಅದನ್ನು ಹೇಳಿದೆ, ಚಿತ್ರ ತೆಗೆದು ದಿನಗಳಾಗಿವೆ ಅಂತಲೂ ಹೇಳಿದೆ. ಆಗಲೇ ಹೋಗಿ ಬಂದೇವಿ, ಅಲ್ಲಿ ಕಲ್ಲು ಒಡೆಯಾಕ ಮಿಷನ್ ಹಚ್ಯಾರ ಅಂದಳು. ಆಮೇಲೆ ನನಗೇ ಸಮಾಧಾನ ಮಾಡುವವಳಂತೆ, "ಇರ್ಲಿ ಬಿಡು. ಉಂಡಿಯೇನು?" ಅಂದಳು.

ಅವರು ಊರಿಗೆ ಮರಳಿದ ಮೇಲೆ ಒಂದು ರವಿವಾರ ನಾನು ರಜೆಯಲ್ಲಿ ಊರಿಗೆ ಹೋಗಿದ್ದೆ. ಬಿಸಿಲು ಏರಿತ್ತು. ಮಾಮಾ ಕುರಿಗಳನ್ನು ಹಳ್ಳಕ್ಕೆ ನೀರಿಗೆ ಹೊಡೆದುಕೊಂಡು ಹೋಗಿದ್ದ. ನಾನೂ ಅತ್ತಿಯೂ ಅವನಿಗೆ ರೊಟ್ಟಿ ಕಟ್ಟಿಕೊಂಡು ಹಿಂದೆ ಹೊರಟೆವು. ಹಳ್ಳದ ಹಳೆಯ ಹಾದಿ ನೆಲ್ಲಿನ ಗದ್ದೆಯೊಳಗೆ ಹೋಗಿಬಿಟ್ಟಿತ್ತು. ಹಿಂಡು ಹಾಯಬೇಕೆಂದರೆ ಈಗ ಕೆನಾಲಿನ ಏರಿಯ ಮೇಲೇ ಹಾಯಬೇಕು. ಎರಡನೇ ಬೆಳೆಗೆ ನೀರು ಬಿಟ್ಟಿದ್ದರು. ಕೆನಾಲ್ ದಂಡೆ ತುಂಬಿ ಹರಿಯುತ್ತಿತ್ತು, ಆದರೆ ಅದರ ಸಿಮೆಂಟಿನ ಇಳಿಜಾರಿನಲ್ಲಿ ಕುರಿಗಳನ್ನು ನೀರಿಗೆ ಇಳಿಸುವಂತಿರಲಿಲ್ಲ.

ದೂರದಿಂದ ಮಾಮಾನ ಕಂಬಳಿ ಕಂಡಿತು. ಎದುರಿನಿಂದ ನೆಲ್ಲುಹುಲ್ಲು ಹೇರಿದ ಒಂದು ಟ್ರ್ಯಾಕ್ಟರ್ ಬಂತು. ಹುಡುಗಾಟದ ಡ್ರೈವರ್ ಏನಲ್ಲ, ಹಿಂಡು ಕಂಡ ಕೂಡಲೇ ನಿಲ್ಲಿಸಿದ. ಆದರೆ ಹೇರು ಹಾದಿಯಷ್ಟೇ ಅಗಲವಿತ್ತು. ಕುರಿಗಳು ಬೆದರಿ ಒಂದು ಕಡೆಗೆ ಒತ್ತರಿಸಿದವು. ಮುಂದಿನ ಟಗರಿನ ಕಾಲು ಸಿಮೆಂಟಿನ ಇಳಿಜಾರಿನ ಮೇಲೆ ಜಾರಿತು. ಅದು ನೀರಿಗೆ ಬಿದ್ದಿತು. ಅದರ ಹಿಂದೆ ಇನ್ನೊಂದು ತಾನಾಗಿಯೇ ಇಳಿಯಿತು. ಕುರಿ ಮುಂದಿನದನ್ನು ನೋಡಿ ನಡೆಯುವ ಜೀವ. ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು.

ಮಾಮಾ ಉಳಿದವುಗಳಿಗೆ ಅಡ್ಡ ಬಿದ್ದು ಕೋಲು ಬೀಸಿ ಹಿಂದಕ್ಕೆ ತಿರುಗಿಸಿದ. ಡ್ರೈವರ್ ಕೆಳಗೆ ಹಾರಿ ಬಂದು ಅವನೂ ಅಡ್ಡ ನಿಂತ. ಆಮೇಲೆ ಮಾಮಾ ನೀರಿನ ಅಂಚಿಗೆ ಇಳಿದು ಆ ತನ್ನ ಸದ್ದು ಮಾಡಿ ಕರೆಯತೊಡಗಿದ. ನೀರಿನಲ್ಲಿದ್ದ ತಲೆಗಳೆಲ್ಲ ಅವನ ಕಡೆಗೆ ತಿರುಗಿದವು. ಈಜಿ ಬಂದವು. ಬಂದು, ಮುಂಗಾಲನ್ನು ಸಿಮೆಂಟಿನ ಮೇಲೆ ಇಟ್ಟು, ಜಾರಿ, ಮುಳುಗಿ, ಮತ್ತೆ ಎದ್ದು, ಮತ್ತೆ ಅವನ ಕಡೆಗೇ ಬಂದವು. ಅವನ ಕೈಗೆ ಸಿಕ್ಕ ಒಂದೆರಡನ್ನು ಉಣ್ಣೆ ಹಿಡಿದು ಎಳೆದ. ಉಳಿದವು ಜಾರುತ್ತಲೇ ಇದ್ದವು. ಕೆಳಗೆ ಸ್ವಲ್ಪ ದೂರದಲ್ಲಿ ಮೆಟ್ಟಿಲು ಇಳಿಸಿದ ಒಂದು ಜಾಗವಿತ್ತು. ನೀರು ತಾನೇ ಅವನ್ನು ಅಲ್ಲಿಗೆ ಒಯ್ಯುತ್ತಿತ್ತೇನೋ, ಆದರೆ ಅವು ಅವನನ್ನು ಬಿಟ್ಟು ಹೋಗಲು ಒಲ್ಲವು.

ಅತ್ತಿ ಓಡುತ್ತ ಚೀರಿದಳು. "ಕರೀಬ್ಯಾಡ! ನಿನ್ನ ಕಡೀಗೇ ಬರ್ತಾವ, ಕರೀಬ್ಯಾಡ! ಸುಮ್ನಾಗು!"

ಮಾಮಾ ಸುಮ್ಮನಾದ. ಬಾಯಿಗೆ ಕಂಬಳಿ ಅಡ್ಡ ಹಿಡಿದು ಅಲ್ಲೇ ಕುಕ್ಕರಿಸಿದ. ಕುರಿಗಳು ಇನ್ನೂ ಸ್ವಲ್ಪ ಹೊತ್ತು ಅವನನ್ನೇ ನೋಡುತ್ತ ಇದ್ದವು. ಆಮೇಲೆ ನೀರು ಅವುಗಳನ್ನು ತಿರುಗಿಸಿಕೊಂಡು ಹೋಯಿತು. ಅತ್ತಿ ಮತ್ತು ಡ್ರೈವರ್ ಮೆಟ್ಟಿಲಿನ ಹತ್ತಿರ ಕೆಲವನ್ನು ಹಿಡಿದರು. ನಾನು ಏನು ಮಾಡಿದೆ ಅಂತ ಕೇಳಿದರೆ, ಏರಿಯ ಮೇಲೆ ರೊಟ್ಟಿಯ ಗಂಟು ಎದೆಗೆ ಅವಚಿಕೊಂಡು ನಿಂತಿದ್ದೆ. ಅರ್ಧ ಹಿಂಡು ಹೋಯಿತು. ಸಂಜೆಯವರೆಗೂ ಕೆಳಗಿನ ಊರಿನವರು, ನಿಮ್ಮವೇನ್ರಿ, ಇಲ್ಲಿ ಗೇಟಿಗೆ ಬಂದು ಸಿಕ್ಕಾವ ಅಂತ ಹೇಳಿ ಕಳಿಸುತ್ತಿದ್ದರು.

ಮಾಮಾ ಅಂದಿನಿಂದ ಆ ಸದ್ದು ಮಾಡುವುದನ್ನು ಬಿಟ್ಟ. ಉಳಿದ ಕುರಿಗಳನ್ನು ಕೋಲಿನಿಂದ ತಟ್ಟಿ ಹೊಡೆಯುತ್ತಿದ್ದ. ಒಂದು ಸುಗ್ಗಿಯೊಳಗೆ ಅವನ್ನೂ ಸಂತೆಗೆ ಹೊಡೆದು ಬಂದ.

ಯೋಜನೆ ಮುಗಿಯುವ ಕಾಲಕ್ಕೆ ನಾವು ಕಡೆಯ ನಕಾಶೆ ತಯಾರಿಸಬೇಕಿತ್ತು. ಯಾವ ಜಮೀನು ಯಾವುದಕ್ಕೆ ಬಳಕೆಯಲ್ಲಿದೆ ಎಂದು ಬಣ್ಣ ತುಂಬಬೇಕು. ನಮ್ಮೂರಿನದು ಬಂದಾಗ ನಾನು ಕೆನಾಲ್ ಕಡೆಯ ಪಾಲಿಗೆ ಮೇವಿನ ಜಮೀನಿನ ಬಣ್ಣವನ್ನೇ ತುಂಬಿದೆ. ಸಾಹೇಬರು ತಪಾಸಣೆಗೆ ಕೂತಾಗ ಅದರ ಮೇಲೆ ನಿಂತರು.

"ಇಲ್ಲಿ ಬೆಳೆ ಇದೆಯಲ್ಲಮ್ಮ."

"ಅದು ಗಾಯರಾಣ ಸರ್. ಹುಲ್ಲು ಬಂದಿದ್ದ ಚಿತ್ರ ನೀವೇ ನೋಡೀರಿ."

"ಕಾಗದದಲ್ಲಿ ಅದು ಏನು ಅಂತ ನಮ್ಮನ್ನ ಕೇಳಿಲ್ಲ. ನೆಲದ ಮೇಲೆ ಏನಿದೆ ಅಂತ ಕೇಳಿದ್ದಾರೆ. ಇರೋದು ಭತ್ತ."

"ಕುರಿ ಅಡ್ಡಾಡಿದ್ದು ಚಿತ್ರದಾಗ ಬೀಳಲ್ಲ ಸರ್. ಬಿತ್ತಿದ್ದಷ್ಟೇ ಬೀಳ್ತದ."

ಅವರು ಕನ್ನಡಕ ತೆಗೆದರು. "ನಾವು ನೋಡೋರು ಅಷ್ಟೇ ಕಣಮ್ಮ. ಸುಳ್ಳು ತುಂಬಿಸೋಕೆ ಆಗಲ್ಲ, ನಿಜ ಬದಲಾಯಿಸೋಕೂ ಆಗಲ್ಲ" ಅಂದರು. ಅವರ ಧ್ವನಿಯಲ್ಲಿ ದರ್ಪ ಇರಲಿಲ್ಲ. ಅವರಿಗೂ ಆ ತಿಂಗಳಿಗೆ ವರ್ಗಾವಣೆ ಆಗಿತ್ತು. ನಾನು ಬಣ್ಣ ಬದಲಿಸಿದೆ. ಅದಕ್ಕೆ ಬೇಕಾದದ್ದು ಬೆರಳಿನ ಒಂದು ಒತ್ತು.

ಆಮೇಲೆ ಎಲ್ಲಿಂದಲೋ ಒತ್ತಡ ಬಂದು ಗಾಯರಾಣ ತೆರವು ಮಾಡಲು ಜೆಸಿಬಿ ಬಂತು ಅಂತ ಕೇಳಿ ನಾನು ಊರಿಗೆ ಓಡಿದೆ. ಸಾವಕಾರರು ಕೋರ್ಟಿನಿಂದ ತಡೆ ತಂದಿದ್ದರು. ಇಲ್ಲಿ ಬಹಳ ಕಾಲದಿಂದ ಬೆಳೆ ಇದೆ ಅನ್ನುವುದಕ್ಕೆ ಅವರ ವಕೀಲರು ಸರ್ಕಾರದ ನಕಾಶೆಯನ್ನೇ ತೋರಿಸಿದ್ದರಂತೆ. ಅವರ ಬೀಗರೂ ಹಾಗೇ ಉಳಿದರು. ತಡೆ ತರಲು ಗೊತ್ತಿಲ್ಲದ್ದು ಚಿಗವ್ವನಿಗೆ ಮಾತ್ರ. ಅವಳ ತೊಗರಿ ಕಾಯಿ ಕಟ್ಟಿತ್ತು. ನಾನು ಊರು ಮುಟ್ಟುವ ಹೊತ್ತಿಗೆ ಜೆಸಿಬಿ ಅದನ್ನು ಮಣ್ಣೊಳಗೆ ಮಗುಚಿತ್ತು. ಅವಳೂ ಅವಳ ಮಕ್ಕಳೂ ಮುರಿದ ಗಿಡಗಳಿಂದ ಕಾಯಿ ಬಿಡಿಸಿಕೊಳ್ಳುತ್ತಿದ್ದರು. ಅತ್ತಿಯೂ ಅಲ್ಲಿದ್ದಳು, ಸೆರಗು ಉಡಿ ಕಟ್ಟಿ ಅವಳೂ ಬಿಡಿಸುತ್ತಿದ್ದಳು. ನಾನು ಚಪ್ಪಲಿ ಕಳಚಿ ಅವರ ನಡುವೆ ಕೂತೆ. ನಾನೂ ಬಿಡಿಸತೊಡಗಿದೆ. ಆ ಪಟ್ಟಿಯಲ್ಲಿ ಮತ್ತೆ ಹುಲ್ಲು ಬರಲಿಲ್ಲ. ಮುಂದಿನ ವರ್ಷ ಸಾವಕಾರರ ಒಡ್ಡು ಇಷ್ಟು ಸರಿದು ಅದನ್ನೂ ಒಳಗೆ ಹಾಕಿಕೊಂಡಿತು.

ನನ್ನ ಹಂಗಾಮಿ ನೌಕರಿ ಮುಗಿದು ನಾನು ಮುದನಾಳದ ಹತ್ತಿರದ ಒಂದು ಶಾಲೆಯಲ್ಲಿ ಪಾಠ ಹೇಳತೊಡಗಿದೆ. ಆ ವರ್ಷದ ನಾಟಿಯ ಕಾಲದಲ್ಲಿ ಊರಿಗೆ ಹೋದಾಗ ಅತ್ತಿ ಮನೆಯಲ್ಲಿರಲಿಲ್ಲ. ನೆಲ್ಲು ಹಚ್ಚಲಿಕ್ಕೆ ಹೋಗ್ಯಾಳ ಅಂದ ಮಾಮಾ. ಎರಡು ಆಡುಗಳನ್ನು ಅಂಗಳದ ಬೇವಿಗೆ ಕಟ್ಟಿ, ತೊಪ್ಪಲು ಹಾಕುತ್ತಿದ್ದ.

ನಾನು ಕೆನಾಲ್ ಕಡೆಗೆ ನಡೆದೆ. ಗಾಯರಾಣ ಇದ್ದಲ್ಲಿನ ಸಾವಕಾರರ ಗದ್ದೆಯ ಕೆಸರಿನಲ್ಲಿ ಹೆಂಗಸರ ಸಾಲು ಬಗ್ಗಿ ಹಿಂದಕ್ಕೆ ಸರಿಯುತ್ತಿತ್ತು. ಅತ್ತಿ ಮತ್ತು ಚಿಗವ್ವ ಅಕ್ಕಪಕ್ಕದಲ್ಲಿದ್ದರು. ಊಟದ ಹೊತ್ತಿಗೆ ಒಡ್ಡಿನ ಮೇಲೆ ಬಂದು ಕೈ ತೊಳೆದು ಕೂತರು. ಅತ್ತಿಯ ಪಾದಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ್ದವು. ನನಗೂ ಒಂದು ರೊಟ್ಟಿ, ಅದರ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟಳು.

"ಇಲ್ಲೇ ಯಾಕ ಬರ್ತಿ ಅತ್ತಿ? ಬ್ಯಾರೆ ಹೊಲ ಇಲ್ಲೇನು?" ಅಂದೆ.

"ಮನಿಗಿ ಹತ್ರ ಆಗ್ತದವ್ವಾ. ಮಣಕಾಲ ನೋಯ್ತದ, ದೂರ ನಡೀಲಿಕ್ಕ ಆಗವಲ್ದು" ಅಂದಳು.

ಚಿಗವ್ವ ನಕ್ಕು, ಈ ಸಲ ಕೂಲಿ ಹೆಣ್ಣುಮಕ್ಕಳಿಗೆ ಚಾ ಸುದ್ದಾ ಕೊಡ್ತಾರ ಇಲ್ಲಿ ಅಂದಳು. ಅಷ್ಟರಲ್ಲಿ ಒಡ್ಡಿನ ಆ ತುದಿಯಿಂದ ಯಾರೋ, ಏಳ್ರಿ ಏಳ್ರಿ, ಸಸಿ ಒಣಗಾಕತ್ತಾವ ಅಂತ ಕೂಗಿದರು. ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಎದ್ದರು. ಸೀರೆ ಮೇಲೆ ಕಟ್ಟಿ ಕೆಸರಿಗೆ ಇಳಿದರು. ನಾನು ಬುತ್ತಿಯ ಬಟ್ಟೆಯನ್ನು ಝಾಡಿಸಿ ಮಡಿಚಿಟ್ಟು, ಗೋಗಿಯ ಆಟೋ ಹಿಡಿಯಲು ಹೊರಟೆ.